ಟಿಮೊಥಿ ಸಿಂಡ್ರೋಮ್ ಪ್ರಕರಣ: ಕಾಂಡಕೋಶದಿಂದ ಬೆಳೆಸಿದ ನರಕೋಶ ಒಂದಕ್ಷರದ ತಪ್ಪನ್ನು ಹಿಡಿದ ಬಗೆ

ಮನುಷ್ಯನ 12ನೇ ವರ್ಣತಂತುವಿನ ಒಂದು ತುದಿಯಲ್ಲಿ ಸಿಎಸಿಎನ್‌ಎ1ಸಿ ಎಂಬ ಜೀನ್ ಇದೆ. ಅದರಲ್ಲಿ ಪ್ರೋಟೀನಿಗೆ ಲೆಕ್ಕವಾಗುವ ಭಾಗದ 1216ನೇ ಡಿಎನ್‌ಎ ಅಕ್ಷರ ‘ಜಿ’. ಅಲ್ಲಿ ‘ಎ’ ಬಂದರೆ ಪ್ರೋಟೀನಿನ 406ನೇ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲದ ಬದಲು ಅರ್ಜಿನಿನ್ ಬಂದು ಕೂರುತ್ತದೆ. ತಪ್ಪು ಇಷ್ಟೇ. ಮಗುವಿನ ಮೇಲೆ ಅದರ ಪರಿಣಾಮ ಮಾತ್ರ ಅಡಿಯಿಂದ ಮುಡಿಯವರೆಗೆ: ಕೈಕಾಲುಗಳ ಬೆರಳು ಒಂದಕ್ಕೊಂದು ಅಂಟಿರುತ್ತವೆ, ಹೃದಯದ ಬಡಿತದಲ್ಲಿ ಕ್ಯೂಟಿ ಅಂತರ (ಒಂದು ಬಡಿತದ ವಿದ್ಯುತ್ ಸಂಕೇತ ಶುರುವಾಗಿ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಸಮಯ) ಅಪಾಯದಷ್ಟು ಉದ್ದವಾಗುತ್ತದೆ, ಕೆಲವರಿಗೆ ಮೂರ್ಛೆ ಬರುತ್ತದೆ, ಬದುಕುಳಿದವರಲ್ಲಿ ಬಹುಪಾಲಿಗೆ ಆಟಿಸಂ ಲಕ್ಷಣ ಕಾಣಿಸುತ್ತದೆ. 2004ರಲ್ಲಿ ಇಗೊರ್ ಸ್ಪ್ಲಾವ್‌ಸ್ಕಿ, ಮಾರ್ಕ್ ಕೀಟಿಂಗ್ ಮತ್ತು ಸಂಗಡಿಗರು 17 ಮಕ್ಕಳ ವಿವರದೊಂದಿಗೆ ಇದರ ಕಾರಣ ಪ್ರಕಟಿಸಿದರು. ತೀರಿಕೊಂಡ ಮಕ್ಕಳ ಸರಾಸರಿ ವಯಸ್ಸು ಎರಡೂವರೆ ವರ್ಷ. ಈ ಮಕ್ಕಳನ್ನು ಮೊದಲು ಗುರುತಿಸಿ ವಿವರಿಸಿದವರಲ್ಲಿ ಒಬ್ಬರಾದ ಕ್ಯಾಥರೀನ್ ಟಿಮೊಥಿ ಅವರ ಹೆಸರೇ ಕಾಯಿಲೆಗೆ ನಿಂತಿತು.

ಬಹಳ ಅಪರೂಪದ ಕಾಯಿಲೆ. ಆದರೂ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶದಿಂದ (ಸ್ಟೆಮ್ ಸೆಲ್) ಮಿದುಳಿನ ಕೋಶ ಬೆಳೆಸಿ ಏನು ಕಲಿಯಬಹುದು ಎಂಬ ಪ್ರಶ್ನೆಗೆ ಇಷ್ಟು ಪೂರ್ತಿಯಾಗಿ ಉತ್ತರ ಕೊಟ್ಟ ಇನ್ನೊಂದು ಪ್ರಕರಣ ಸಿಗುವುದು ಕಷ್ಟ. ರೋಗಿಯ ಚರ್ಮದ ಚೂರಿನಿಂದ ಹೊರಟು ಔಷಧದ ಹೊಸ್ತಿಲವರೆಗೆ ಬಂದ ದಾರಿ ಇದರಲ್ಲಿ ಒಂದೊಂದು ಮೆಟ್ಟಿಲಾಗಿ ದಾಖಲಾಗಿದೆ.

ಕೆಟ್ಟಿರುವುದು ಏನು

ಈ ಜೀನ್ ಮಾಡುವುದು ಸಿಎವಿ1.2 ಎಂಬ ಕ್ಯಾಲ್ಸಿಯಂ ಚಾನಲನ್ನು. ಕೋಶದ ಪೊರೆಯ ವೋಲ್ಟೇಜ್ ಏರಿದಾಗ ಚಾನಲ್ ತೆರೆದು ಕ್ಯಾಲ್ಸಿಯಂ ಒಳಗೆ ಬಿಡುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. 406ರಲ್ಲಿ ಅರ್ಜಿನಿನ್ ಇದ್ದರೆ ತೆರೆಯುವುದಕ್ಕೆ ತೊಂದರೆಯಿಲ್ಲ, ಮುಚ್ಚುವುದೇ ತಡ. ಬಾಗಿಲಿಗೆ ಅಡ್ಡ ಕಲ್ಲಿಟ್ಟ ಹಾಗೆ ಕ್ಯಾಲ್ಸಿಯಂ ನುಗ್ಗುತ್ತಲೇ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಮುಂದಿನ ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಪ್ರೋಟೀನಿನ ಈ ಭಾಗಕ್ಕೆ ಜೀನಿನಲ್ಲಿ ಎರಡು ಪರ್ಯಾಯ ತುಂಡುಗಳಿವೆ: ಎಕ್ಸಾನ್ 8 ಮತ್ತು ಎಕ್ಸಾನ್ 8ಎ. ಕೋಶವು ಆರ್‌ಎನ್‌ಎ ಕತ್ತರಿಸಿ ಜೋಡಿಸುವಾಗ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತವೆ. ಟಿಮೊಥಿ ಸಿಂಡ್ರೋಮ್‌ನ ಒಂದನೇ ಬಗೆಯಲ್ಲಿ ತಪ್ಪಿರುವುದು 8ಎಯಲ್ಲಿ. ಮಿದುಳು ಬೆಳೆಯುವ ಮೊದಲ ತಿಂಗಳುಗಳಲ್ಲಿ 8ಎ ಬಳಕೆ ಹೆಚ್ಚು, ದಿನ ಕಳೆದಂತೆ 8ರ ಪಾಲು ಏರುತ್ತದೆ. ಅಂದರೆ ಕೆಟ್ಟ ತುಂಡಿನ ಪ್ರಭಾವ ಜೋರಾಗಿರುವುದು ಮಗು ಗರ್ಭದಲ್ಲಿದ್ದಾಗಲೇ, ಯಾರೂ ಮಿದುಳನ್ನು ಮುಟ್ಟಿ ನೋಡಲಾಗದ ಕಾಲದಲ್ಲಿ.

ಇಲಿಯನ್ನು ಬಳಸಲಾಗದೆ? ಬಳಸಿದ್ದಾರೆ. ಆದರೆ ತಪ್ಪು ಪೂರ್ಣ ಪ್ರಮಾಣದಲ್ಲಿದ್ದರೆ ಇಲಿಮರಿ ಬದುಕುವುದಿಲ್ಲ, ತಗ್ಗಿಸಿದ ಪ್ರಮಾಣದಲ್ಲಷ್ಟೇ ಬದುಕುತ್ತದೆ. ಇಲಿಯ ಮಿದುಳು ಕೆಲವೇ ದಿನಗಳಲ್ಲಿ ಮುಗಿಸುವ ಹಂತಗಳಿಗೆ ಮನುಷ್ಯನ ಮಿದುಳು ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ ಎಂಬುದು ಇನ್ನೊಂದು ತೊಡಕು. ಔಷಧದ ಮಾತು ಬಂದಾಗ ಮೂರನೆಯದೂ ಎದುರಾಯಿತು, ಅದು ಆಮೇಲೆ.

2011: ಚಪ್ಪಟೆ ಬಟ್ಟಲಿನ ಮೊದಲ ಉತ್ತರ

ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮಕೋಶವನ್ನು ನಾಲ್ಕು ಜೀನುಗಳಿಂದ ಕಾಂಡಕೋಶದ ಸ್ಥಿತಿಗೆ ಹಿಂದಿರುಗಿಸಿ ತೋರಿಸಿದ್ದರು: ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. ಹೀಗೆ ಸಿಕ್ಕ ಕೋಶಕ್ಕೆ ಐಪಿಎಸ್ ಕೋಶವೆಂದು ಹೆಸರು. ಸ್ಟ್ಯಾನ್‌ಫರ್ಡ್‌ನಲ್ಲಿ ರಿಕಾರ್ಡೊ ಡಾಲ್‌ಮೆಶ್ ಅವರ ಪ್ರಯೋಗಾಲಯದಲ್ಲಿದ್ದ ರೊಮೇನಿಯಾ ಮೂಲದ ಸೆರ್ಜಿಯು ಪಾಷ್ಕಾ, ಟಿಮೊಥಿ ಸಿಂಡ್ರೋಮ್ ಇದ್ದವರ ಚರ್ಮದಿಂದ ಐಪಿಎಸ್ ಕೋಶ ಮಾಡಿಸಿ, ಅದರಿಂದ ಮಿದುಳಿನ ಹೊರಪದರದ ನರಕೋಶ ಬೆಳೆಸಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಅಳತೆಯ ವಿಧಾನ ಸರಳ, ನಂಬಿಕಸ್ತ. ಫ್ಯೂರಾ-2 ಎಂಬ ಬಣ್ಣವನ್ನು ಕೋಶಗಳಿಗೆ ಕುಡಿಸಿ, 340 ಮತ್ತು 380 ನ್ಯಾನೋಮೀಟರ್ ಬೆಳಕಿನಲ್ಲಿ ಒಂದಾದ ಮೇಲೊಂದು ಬೆಳಗಿ, ಎರಡು ಹೊಳಪಿನ ಅನುಪಾತ ನೋಡುವುದು. ಅನುಪಾತ ಏರಿದರೆ ಒಳಗೆ ಕ್ಯಾಲ್ಸಿಯಂ ಏರಿದೆ ಎಂದರ್ಥ. ಅನುಪಾತವನ್ನೇ ಏಕೆ ನೋಡಬೇಕೆಂದರೆ, ಒಂದು ಕೋಶ ಹೆಚ್ಚು ಬಣ್ಣ ಕುಡಿದಿರಬಹುದು, ಇನ್ನೊಂದು ಕಡಿಮೆ. ಭಾಗಿಸಿದಾಗ ಆ ವ್ಯತ್ಯಾಸ ಹೊರಟುಹೋಗುತ್ತದೆ. ಆಮೇಲೆ 67 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಹರಿಸಿ ಕೋಶವನ್ನು ಕೆರಳಿಸುತ್ತಾರೆ. ಸಾಮಾನ್ಯ ನರಕೋಶದಲ್ಲಿ ಕ್ಯಾಲ್ಸಿಯಂ ಏರಿ ಇಳಿಯಿತು. ರೋಗಿಯ ನರಕೋಶದಲ್ಲಿ ಏರಿದ್ದು ಬೇಗ ಇಳಿಯಲಿಲ್ಲ.

ಇದಲ್ಲದೆ ಹೊರಪದರದ ಕೆಳಪದರಗಳಿಗೂ ಮಿದುಳಿನ ಎರಡು ಹೋಳುಗಳನ್ನು ಜೋಡಿಸುವ ನರತಂತುಗಳಿಗೂ ಸೇರಬೇಕಾದ ಕೋಶಗಳ ಪಾಲು ಕಡಿಮೆಯಿತ್ತು. ಟೈರೊಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಹೆಚ್ಚಾಗಿತ್ತು, ಅದರ ಜೊತೆಗೆ ಡೋಪಮೈನ್ ಮತ್ತು ನಾರ್‌ಎಪಿನೆಫ್ರಿನ್ ಕೂಡ. ಚಾನಲ್ ಬೇಗ ಮುಚ್ಚುವಂತೆ ಮಾಡುವ ರಾಸ್ಕೊವಿಟಿನ್ ಎಂಬ ರಾಸಾಯನಿಕ ಹಾಕಿದಾಗ ಈ ಕಿಣ್ವದ ಏರಿಕೆ ತಗ್ಗಿತು. ಜೀವಂತ ರೋಗಿಯ ಮಿದುಳಿನ ದೋಷವನ್ನು ಮಿದುಳು ಮುಟ್ಟದೆ ನೋಡಿ, ಬಟ್ಟಲಿನಲ್ಲೇ ಸರಿಪಡಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಆದರೆ ಚಪ್ಪಟೆ ಬಟ್ಟಲಿಗೆ ಮಿತಿಗಳಿದ್ದವು. ತಳಕ್ಕೆ ಅಂಟಿ ಬೆಳೆದ ನರಕೋಶಗಳು ಕೆಲವು ವಾರಗಳ ಮೇಲೆ ಹಾಳೆಯಂತೆ ಕಿತ್ತುಬರುತ್ತವೆ. ಪದರಗಳಿಲ್ಲ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ನಡೆದುಹೋಗುವ ಕೋಶಗಳಿಗೆ ನಡೆಯಲು ಜಾಗವೇ ಇಲ್ಲ.

ಗೋಲಿ ಬೆಳೆಸುವ ಕೆಲಸ

ಪಾಷ್ಕಾ ತಮ್ಮದೇ ಪ್ರಯೋಗಾಲಯ ಕಟ್ಟಿ 2015ರಲ್ಲಿ ಹೊರತಂದ ಉತ್ತರ, ದ್ರವದಲ್ಲಿ ತೇಲುತ್ತ ಬೆಳೆಯುವ ಕೋಶಗಳ ಗೋಲಿ. ಶಾಸ್ತ್ರೀಯವಾಗಿ ಆರ್ಗನಾಯ್ಡ್. ‘ಬಟ್ಟಲಿನ ಮಿದುಳು’ ಎಂದು ಪತ್ರಿಕೆಗಳು ಬರೆಯುತ್ತವೆ, ಅದು ತಪ್ಪು ಕಲ್ಪನೆ ಕೊಡುವ ಮಾತು. ಇದು ಮಿದುಳಿನ ಒಂದು ಪ್ರದೇಶದ ಊತಕದಂತಹ (ಅಂಗಾಂಶದಂತಹ) ಮುದ್ದೆ, ರಕ್ತನಾಳವಿಲ್ಲ, ಇಂದ್ರಿಯವಿಲ್ಲ. ವಿಧಾನ ಮುಂದೆ ಹಲವು ಬಾರಿ ತಿದ್ದುಪಡಿ ಕಂಡಿದೆ. ಈಗ ಚಾಲ್ತಿಯಲ್ಲಿರುವ ರೂಪ ಸುಮಾರಾಗಿ ಹೀಗೆ.

ಐಪಿಎಸ್ ಕೋಶಗಳನ್ನು ವಿಟ್ರೊನೆಕ್ಟಿನ್ ಬಳಿದ ಪ್ಲೇಟಿನಲ್ಲಿ, ಎಸೆನ್ಶಿಯಲ್ 8 ಮೀಡಿಯಂನಲ್ಲಿ (ಕೋಶಗಳಿಗೆ ಆಹಾರ ಒದಗಿಸುವ ದ್ರವ) ಬೆಳೆಸುತ್ತಾರೆ. ಬಿಡಿಸಿ ಹಂಚುವುದು 0.5 ಮಿಲಿಮೋಲಾರ್ ಇಡಿಟಿಎಯಿಂದ, ಸಣ್ಣ ಗುಂಪುಗಳಾಗಿಯೇ. ಒಂಟಿ ಕೋಶವಾದರೆ ಸಾಯುತ್ತವೆ. ಗೋಲಿ ಮಾಡುವ ದಿನ ಮಾತ್ರ ಬೇಕೆಂದೇ ಒಂಟಿ ಮಾಡಬೇಕು. ಅದಕ್ಕೆ ಕೋಶಗಳನ್ನು ಬಿಡಿಸುವ ಅಕ್ಯೂಟೇಸ್ ಹಾಕಿ 37 ಡಿಗ್ರಿಯಲ್ಲಿ 7 ನಿಮಿಷ. ಬಿಡಿಯಾದ ಕೋಶ ಆತ್ಮಹತ್ಯೆ ಮಾಡಿಕೊಳ್ಳದಂತೆ ತಡೆಯಲು 10 ಮೈಕ್ರೋಮೋಲಾರ್ ವೈ-27632 ಮೀಡಿಯಂನಲ್ಲಿರಲೇಬೇಕು. ಇದನ್ನು ಮರೆತರೆ ಮರುದಿನ ಗೋಲಿಯ ಬದಲು ಬೂದಿಯಂತಹ ಕಸ ಸಿಗುತ್ತದೆ.

ಅಗ್ರಿವೆಲ್ 800 ಪ್ಲೇಟಿನ ಒಂದು ಗುಣಿಯಲ್ಲಿ 300 ಪುಟ್ಟ ಕುಳಿಗಳಿವೆ. 30 ಲಕ್ಷ ಕೋಶ ಸುರಿದರೆ ಕುಳಿಗೆ 10,000. 100 ಜಿ ಬಲದಲ್ಲಿ 3 ನಿಮಿಷ ತಿರುಗಿಸಿ ಕೋಶಗಳನ್ನು ತಳಕ್ಕೆ ಕೂರಿಸಿ, 24 ಗಂಟೆ ಅಲುಗಾಡಿಸದೆ ಬಿಡುತ್ತಾರೆ. ಮರುದಿನ ತುದಿ ಕತ್ತರಿಸಿದ ಪಿಪೆಟ್ ಟಿಪ್ಪಿನಿಂದ ಮೆಲ್ಲಗೆ ಎತ್ತಿ, ಕೋಶ ಅಂಟದ ಪ್ಲೇಟಿಗೆ ಹಾಕುತ್ತಾರೆ. ಇಡೀ ಟಿಪ್ಪು ಬಳಸಿದರೆ ಕಿರಿದಾದ ಬಾಯಲ್ಲಿ ಗೋಲಿ ಸೀಳಿಹೋಗುತ್ತದೆ.

ಈಗ ಮೀಡಿಯಂ ಎಸೆನ್ಶಿಯಲ್ 6. ಎಸೆನ್ಶಿಯಲ್ 8ರಲ್ಲಿ ಕೋಶವನ್ನು ಕಾಂಡಕೋಶವಾಗಿಯೇ ಹಿಡಿದಿಡುವ ಎರಡು ಅಂಶ, ಎಫ್‌ಜಿಎಫ್2 ಮತ್ತು ಟಿಜಿಎಫ್-ಬೀಟಾ, ಇದರಲ್ಲಿಲ್ಲ. ಇದಕ್ಕೆ ಡಾರ್ಸೊಮಾರ್ಫಿನ್ ಮತ್ತು ಎಸ್‌ಬಿ-431542 ಸೇರಿಸುತ್ತಾರೆ. ಮೊದಲನೆಯದು ವಿಧಾನದ ರೂಪದಿಂದ ರೂಪಕ್ಕೆ 2.5ರಿಂದ 5 ಮೈಕ್ರೋಮೋಲಾರ್, ಎರಡನೆಯದು 10. ಎರಡೂ ಸೇರಿ ಬಿಎಂಪಿ ಮತ್ತು ಟಿಜಿಎಫ್-ಬೀಟಾ ಸಂಕೇತಗಳನ್ನು ತಡೆಯುತ್ತವೆ. ‘ಚರ್ಮವಾಗು, ಕರುಳಾಗು’ ಎನ್ನುವ ದನಿ ನಿಂತರೆ ಕೋಶ ತನ್ನಷ್ಟಕ್ಕೆ ನರದ ಕಡೆಗೆ ವಾಲುತ್ತದೆ. ಐದು ದಿನ ಪ್ರತಿದಿನ ಮೀಡಿಯಂ ಬದಲು.

6ನೇ ದಿನದಿಂದ ನ್ಯೂರೊಬೇಸಲ್-ಎ ಮೀಡಿಯಂ, ಜೊತೆಗೆ ವಿಟಮಿನ್ ಎ ಇಲ್ಲದ ಬಿ-27 ಪೋಷಕ ಮಿಶ್ರಣ, ಬೆಳವಣಿಗೆಯ ಅಂಶಗಳಾದ ಇಜಿಎಫ್ ಮತ್ತು ಎಫ್‌ಜಿಎಫ್2 ತಲಾ ಮಿಲಿಲೀಟರಿಗೆ 20 ನ್ಯಾನೋಗ್ರಾಂ. ವಿಟಮಿನ್ ಎ ಏಕೆ ಬೇಡವೆಂದರೆ ಅದರಿಂದ ಹುಟ್ಟುವ ರೆಟಿನಾಯಿಕ್ ಆಮ್ಲ ಕೋಶವನ್ನು ಹಿಮ್ಮಿದುಳಿನ ದಾರಿಗೆ ತಳ್ಳಬಲ್ಲದು. ನಮಗೆ ಬೇಕಿರುವುದು ಮುಮ್ಮಿದುಳು. ಅಂಗಡಿಯಲ್ಲಿ ಎರಡು ಬಿ-27 ಬಾಟಲಿಗಳೂ ನೋಡಲು ಒಂದೇ ತರಹ, ಅದಲುಬದಲಾಗಿ ಬಂದರೆ ತಿಂಗಳು ಕಳೆದ ಮೇಲೆ ಗೊತ್ತಾಗುತ್ತದೆ. 15ನೇ ದಿನದವರೆಗೆ ಪ್ರತಿದಿನ, 24ರವರೆಗೆ ದಿನ ಬಿಟ್ಟು ದಿನ ಬದಲಾವಣೆ. 10 ಮಿಲಿಲೀಟರ್ ಹಿಡಿಯುವ ಒಂದು ತಟ್ಟೆಗೆ ಲೆಕ್ಕ ಹಾಕಿದರೆ ಸುಮಾರು 15 ಬದಲಾವಣೆ, ಪ್ರತಿ ಅಂಶ 3 ಮೈಕ್ರೋಗ್ರಾಂ. ಖರ್ಚಿನ ಅಂದಾಜು ಇಲ್ಲಿಂದಲೇ ಶುರು ಮಾಡಬೇಕು, ಏಕೆಂದರೆ ಈ ಎರಡು ಪುಡಿಗಳೇ ದುಬಾರಿ. 25ರಿಂದ 42ನೇ ದಿನದವರೆಗೆ ಅವುಗಳ ಜಾಗಕ್ಕೆ ನರಕೋಶ ಬಲಿಯಲು ನೆರವಾಗುವ ಬಿಡಿಎನ್‌ಎಫ್ ಮತ್ತು ಎನ್‌ಟಿ3, ತಲಾ 20 ನ್ಯಾನೋಗ್ರಾಂ. 43ರಿಂದ ಯಾವ ಅಂಶವೂ ಇಲ್ಲದ ಬರೀ ಮೀಡಿಯಂ, ನಾಲ್ಕು ದಿನಕ್ಕೊಮ್ಮೆ.

ಇದು ಹೊರಪದರದ ಗೋಲಿ. ಮಿದುಳಿನ ಅಡಿಭಾಗದ ಗೋಲಿ ಬೇಕಿದ್ದರೆ ಇದೇ ದಾರಿಯಲ್ಲಿ ಎರಡು ಸೇರ್ಪಡೆ: 4ರಿಂದ 24ನೇ ದಿನ 5 ಮೈಕ್ರೋಮೋಲಾರ್ ಐಡಬ್ಲ್ಯೂಪಿ-2 (ವಿಎನ್‌ಟಿ ಎಂಬ ಸಂಕೇತ ತಡೆಯುವ ರಾಸಾಯನಿಕ), 12ರಿಂದ 24ನೇ ದಿನ 100 ನ್ಯಾನೋಮೋಲಾರ್ ಎಸ್‌ಎಜಿ. ಭ್ರೂಣದಲ್ಲಿ ‘ನೀನು ಕೆಳಗಿನವನು’ ಎಂದು ಹೇಳುವ ಸಾನಿಕ್ ಹೆಜ್‌ಹಾಗ್ ಸಂಕೇತದ ಕೆಲಸವನ್ನು ಎಸ್‌ಎಜಿ ಮಾಡುತ್ತದೆ. ಮಿದುಳಿನ ಚಟುವಟಿಕೆಗೆ ಲಗಾಮು ಹಾಕುವ ಇಂಟರ್‌ನ್ಯೂರಾನ್‌ಗಳು ಹುಟ್ಟುವುದು ಇಲ್ಲಿ.

ಎಲ್ಲೆಲ್ಲಿ ಕೆಡುತ್ತದೆ

ಕೆಡುವುದರಲ್ಲಿ ಅರ್ಧ ಮೊದಲ ವಾರದಲ್ಲೇ ಕೆಟ್ಟಿರುತ್ತದೆ, ಕಾಣುವುದು ಎರಡನೇ ತಿಂಗಳಲ್ಲಿ. ಐಪಿಎಸ್ ಕೋಶ ತಟ್ಟೆಯಲ್ಲಿ ಅತಿಯಾಗಿ ಒತ್ತೊತ್ತಾಗಿ ಬೆಳೆದಿದ್ದರೆ, ಅಂಚುಗಳಲ್ಲಿ ಆಗಲೇ ಬೇರೆ ಕೋಶವಾಗಲು ಹೊರಟಿದ್ದರೆ, ಮುಂದೆ ಎಷ್ಟು ಸರಿಯಾದ ಔಷಧ ಹಾಕಿದರೂ ಗೋಲಿ ಹದಕ್ಕೆ ಬರುವುದಿಲ್ಲ. ಹೆಪ್ಪೇ ಕೆಟ್ಟಿದ್ದರೆ ಹಾಲಿನದು ಏನು ತಪ್ಪು?

ಗೋಲಿಗಳು ಮೊದಲ ದಿನಗಳಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಟ್ಟೆಯನ್ನು ಇನ್ಕ್ಯುಬೇಟರ್‌ಗೆ ಇಡುವಾಗ ಸುತ್ತಿಸಿದರೆ ಎಲ್ಲವೂ ನಡುವೆ ಗುಡ್ಡೆಯಾಗುತ್ತವೆ. ಹಿಂದೆ ಮುಂದೆ, ಎಡ ಬಲ ತೂಗಿ ಹರಡಬೇಕು. ಅಂಟಿದ ಗೋಲಿ ದೊಡ್ಡದಾಗಿ, ಒಳಗೆ ಆಮ್ಲಜನಕ ತಲುಪದೆ, ನಡುಭಾಗ ಸತ್ತು ಕಪ್ಪಾಗುತ್ತದೆ. ರಕ್ತನಾಳವಿಲ್ಲದ ಊತಕದೊಳಗೆ ಆಮ್ಲಜನಕ ಇಳಿಯುವುದು ಮಿಲಿಮೀಟರಿನ ಭಾಗದಷ್ಟು ಮಾತ್ರ. ಎರಡು ತಿಂಗಳ ಗೋಲಿ ಕೆಲವು ಮಿಲಿಮೀಟರ್ ಇರುತ್ತದೆ. ಹಾಗಾಗಿ ನಡುಭಾಗ ಒಂದಿಷ್ಟು ಸಾಯುವುದು ಈ ವಿಧಾನದ ಹುಟ್ಟುಗುಣ, ಪೂರ್ತಿ ತಪ್ಪಿಸಲಾಗದು. ಅಳತೆ ಮಾಡುವಾಗ ಹೊರಗಿನ ಪಟ್ಟಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಆ ನಿಯಮ ರೋಗಿಯ ಗೋಲಿಗೂ ಆರೋಗ್ಯವಂತರ ಗೋಲಿಗೂ ಒಂದೇ ಇರಬೇಕು.

ಒಂದು ತಟ್ಟೆಯಲ್ಲಿ ಗೋಲಿ ಹೆಚ್ಚಾದರೆ ಮೀಡಿಯಂ ಒಂದೇ ರಾತ್ರಿಯಲ್ಲಿ ಹಳದಿಗೆ ತಿರುಗುತ್ತದೆ. ಆಮ್ಲ ಏರಿದ ಸೂಚನೆ. ಮೀಡಿಯಂ ಹೆಚ್ಚಿಸುವುದಕ್ಕಿಂತ ಗೋಲಿಗಳನ್ನು ಎರಡು ತಟ್ಟೆಗೆ ಹಂಚುವುದು ವಾಸಿ.

ಕೆಲವು ಗೋಲಿಗಳಲ್ಲಿ ನೀರು ತುಂಬಿದ ಗುಳ್ಳೆಯಂತಹ ಪಾರದರ್ಶಕ ಚೀಲ ಏಳುತ್ತದೆ. ಅದು ನರವಲ್ಲದ ಊತಕ. ಅಂಥವನ್ನು ತೆಗೆಯಲೇಬೇಕು. ಆದರೆ ಯಾವುದು ರೋಗಿಯದು, ಯಾವುದು ಅಲ್ಲ ಎಂದು ಗೊತ್ತಿದ್ದವರು ಆರಿಸಿದರೆ ಕಣ್ಣು ತನಗೆ ಬೇಕಾದ್ದನ್ನು ಆರಿಸುತ್ತದೆ. ತಟ್ಟೆಯ ಮೇಲೆ ಹೆಸರಿನ ಬದಲು ಸಂಕೇತ ಬರೆದು ಬೇರೆಯವರಿಂದ ಆರಿಸುವುದು ಸುಲಭದ ಉಪಾಯ, ಬಹಳ ಪ್ರಯೋಗಾಲಯಗಳು ಇದನ್ನು ಮಾಡುವುದಿಲ್ಲ.

ಗೋಲಿ ನಿಜಕ್ಕೂ ಹೊರಪದರದ್ದೇ ಎಂದು ತಿಳಿಯಲು 25ನೇ ದಿನದ ಆಸುಪಾಸಿನಲ್ಲಿ ಒಂದೆರಡು ಗೋಲಿ ಬಲಿಕೊಟ್ಟು ಆರ್‌ಎನ್‌ಎ ಅಳೆಯುತ್ತಾರೆ. ಫಾಕ್ಸ್‌ಜಿ1 ಮತ್ತು ಪ್ಯಾಕ್ಸ್6 ಎಂಬ ಮುಮ್ಮಿದುಳಿನ ಗುರುತಿನ ಜೀನುಗಳು ಜೋರಾಗಿರಬೇಕು, ಕಾಂಡಕೋಶದ ಗುರುತಾದ ಆಕ್ಟ್4 ಇರಬಾರದು. ಅಡಿಭಾಗದ ಗೋಲಿಯಲ್ಲಿ ಎನ್‌ಕೆಎಕ್ಸ್2-1 ಕಾಣಬೇಕು. ಫಾಕ್ಸ್‌ಜಿ1 ಇಲ್ಲದ ಸರಣಿಯನ್ನು ‘ನೋಡೋಣ, ಮುಂದೆ ಸರಿಹೋಗಬಹುದು’ ಎಂದು ಇಟ್ಟುಕೊಂಡರೆ ಇನ್ನೆರಡು ತಿಂಗಳ ಮೀಡಿಯಂ ಚರಂಡಿಗೆ. ಅದು ಸರಿಹೋಗುವುದಿಲ್ಲ.

ಕೋಶಗಳಿಗೆ ಸೋಂಕುವ ಅತಿಸಣ್ಣ ಬ್ಯಾಕ್ಟೀರಿಯಾ ಮೈಕೊಪ್ಲಾಸ್ಮಾ ಬಗ್ಗೆ ಒಂದು ಮಾತು: ಇದಕ್ಕೆ ಕೋಶಭಿತ್ತಿ ಇಲ್ಲವಾದ್ದರಿಂದ ಮೀಡಿಯಂನಲ್ಲಿರುವ ಪೆನಿಸಿಲಿನ್ ತಾಗುವುದಿಲ್ಲ, ಮೀಡಿಯಂ ಕದಡುವುದೂ ಇಲ್ಲ. ಕಣ್ಣಿಗೆ ಎಲ್ಲ ಚೆನ್ನಾಗಿರುತ್ತದೆ, ಜೀನ್‌ಗಳ ಅಳತೆ ಮಾತ್ರ ಅಡ್ಡಾದಿಡ್ಡಿ. ಪಿಸಿಆರ್ ಪರೀಕ್ಷೆಯ ಹೊರತು ಬೇರೆ ಭರವಸೆ ಇಟ್ಟುಕೊಳ್ಳಬಾರದು.

ಇವೆಲ್ಲಕ್ಕಿಂತ ಕಳ್ಳತನದ ಶತ್ರು ವರ್ಣತಂತುವಿನಲ್ಲಿದೆ. ಐಪಿಎಸ್ ಕೋಶಗಳನ್ನು ಹಂಚುತ್ತಾ ಹೋದಂತೆ, ಬೇಗ ಬೆಳೆಯಲು ನೆರವಾಗುವ ಬದಲಾವಣೆ ಹೊಂದಿದ ಕೋಶ ಉಳಿದವನ್ನು ಹಿಂದಿಕ್ಕುತ್ತದೆ. ಪದೇ ಪದೇ ಕಾಣುವವು 1, 8, 12, 17 ಮತ್ತು 20ನೇ ವರ್ಣತಂತುಗಳ ಹೆಚ್ಚುವರಿ ಪ್ರತಿಗಳು ಅಥವಾ ತುಂಡುಗಳು. 20ರ ಪುಟ್ಟ ತುಂಡಿನಲ್ಲಿ ಕೋಶದ ಸಾವನ್ನು ತಡೆಯುವ ಬಿಸಿಎಲ್2ಎಲ್1 ಜೀನ್ ಇದೆ; ಸಾಮಾನ್ಯ ಬಣ್ಣಪಟ್ಟಿಯ ಪರೀಕ್ಷೆಗೆ ಅದು ಸಿಕ್ಕಿಬೀಳದಷ್ಟು ಚಿಕ್ಕದಿರಬಹುದು. ಟಿಮೊಥಿ ಪ್ರಕರಣದಲ್ಲಿ 12ರ ಹೆಚ್ಚುವರಿ ಪ್ರತಿ ಇನ್ನೂ ಘೋರ. ನಾವು ಅಳೆಯಹೊರಟ ಸಿಎಸಿಎನ್‌ಎ1ಸಿ ಜೀನ್ ಇರುವುದೇ ಅಲ್ಲಿ. ಎರಡರ ಬದಲು ಮೂರು ಪ್ರತಿಯಿದ್ದು, ಹೆಚ್ಚಾದದ್ದು ಒಳ್ಳೆಯ ಪ್ರತಿಯಾದರೆ ರೋಗ ಮರೆಯಾಗುತ್ತದೆ, ಕೆಟ್ಟದ್ದಾದರೆ ಇಮ್ಮಡಿ ಕಾಣುತ್ತದೆ. ಆದ್ದರಿಂದ ಪ್ರತಿ ಪ್ರಯೋಗಕ್ಕೆ ಮುಂಚೆ ಹಳೆಯ ಪ್ರಮಾಣಪತ್ರ ನೋಡದೆ, ಈಗಿನ ಕೋಶದ ವರ್ಣತಂತು ಪರೀಕ್ಷಿಸಬೇಕು. ಪ್ರತಿಗಳ ಸಂಖ್ಯೆಯನ್ನು ಡಿಎನ್‌ಎ ಚಿಪ್ಪಿನಲ್ಲೂ ನೋಡಬೇಕು.

2017: ಎರಡು ಗೋಲಿ, ಒಂದು ದಾರಿ

ನಮ್ಮ ಮಿದುಳಿನ ಇಂಟರ್‌ನ್ಯೂರಾನ್‌ಗಳು ಅಡಿಭಾಗದಲ್ಲಿ ಹುಟ್ಟಿ ಹೊರಪದರಕ್ಕೆ ವಲಸೆ ಹೋಗುತ್ತವೆ. ಫಿಕ್ರಿ ಬೈರಿ, ಪಾಷ್ಕಾ ಮತ್ತು ಸಂಗಡಿಗರು 2017ರಲ್ಲಿ ಮಾಡಿದ್ದು ಕೇಳಲು ತಮಾಷೆಯಾಗಿದೆ: ಸುಮಾರು 60 ದಿನದ ಹೊರಪದರದ ಗೋಲಿ ಒಂದು, ಅಡಿಭಾಗದ ಗೋಲಿ ಒಂದು, ಎರಡನ್ನೂ 1.5 ಮಿಲಿಲೀಟರಿನ ಮಾಮೂಲಿ ಪ್ಲಾಸ್ಟಿಕ್ ಟ್ಯೂಬಿನ ತಳದಲ್ಲಿ ಒಟ್ಟಿಗೆ ಮೂರು ದಿನ ಇಟ್ಟರು. ಟ್ಯೂಬಿನ ಚೂಪು ತಳ ಅವನ್ನು ಒತ್ತಿ ಹಿಡಿಯುತ್ತದೆ. ಗೋಲಿಗಳು ಬೆಸೆದುಕೊಂಡವು. ಇದಕ್ಕೆ ಅಸೆಂಬ್ಲಾಯ್ಡ್ ಎಂದು ಹೆಸರು ಬಿತ್ತು.

ಬೆಸೆಯುವ ಮುಂಚೆಯೇ ಅಡಿಭಾಗದ ಗೋಲಿಗೆ ವೈರಸ್ ಮೂಲಕ ಹಸಿರು ಹೊಳೆಯುವ ಜೀನ್ ಕೊಟ್ಟಿರುತ್ತಾರೆ. ಅದು ಡಿಎಲ್‌ಎಕ್ಸ್ ಚಾಲಕದಡಿ ಇರುವುದರಿಂದ ಇಂಟರ್‌ನ್ಯೂರಾನ್‌ಗಳಲ್ಲಿ ಮಾತ್ರ ಹೊಳೆಯುತ್ತದೆ. ಆಮೇಲೆ ಸೂಕ್ಷ್ಮದರ್ಶಕದಡಿ ಗಂಟೆಗಟ್ಟಲೆ ಚಿತ್ರ ತೆಗೆದರೆ ಹಸಿರು ಕೋಶಗಳು ಗಡಿ ದಾಟಿ ಹೊರಪದರದ ಕಡೆಗೆ ಹೋಗುವುದು ಕಾಣುತ್ತದೆ. ನಡಿಗೆ ಒಂದೇ ಸಮನಲ್ಲ. ಮುಂದೆ ಒಂದು ಕವಲು ಚಾಚಿ, ಕೊಂಚ ನಿಂತು, ಕೋಶದ ಒಡಲು ಅದರತ್ತ ಕುಪ್ಪಳಿಸುತ್ತದೆ; ಮತ್ತೆ ನಿಲ್ಲುತ್ತದೆ.

ಟಿಮೊಥಿ ಸಿಂಡ್ರೋಮ್‌ನ ಇಂಟರ್‌ನ್ಯೂರಾನ್‌ಗಳು ಹೆಚ್ಚು ಸಲ ಕುಪ್ಪಳಿಸಿದವು, ಆದರೆ ಪ್ರತಿ ಕುಪ್ಪಳಿಕೆ ಗಿಡ್ಡ. ಓಡಾಟ ಜಾಸ್ತಿ, ದೂರ ಕಡಿಮೆ. ಸಿಎವಿ1.2 ಸೇರುವ ಎಲ್-ಬಗೆಯ ಕ್ಯಾಲ್ಸಿಯಂ ಚಾನಲ್ ತಡೆಯುವ, ಆಸ್ಪತ್ರೆಗಳಲ್ಲಿ ಬೇರೆ ಕಾರಣಕ್ಕೆ ಬಳಸುವ ನಿಮೊಡಿಪಿನ್ ಹಾಕಿದಾಗ ಕುಪ್ಪಳಿಕೆಯ ಉದ್ದ ಸುಧಾರಿಸಿತು. ರಾಸ್ಕೊವಿಟಿನ್ ಕೂಡ ಅದನ್ನೇ ಮಾಡಿತು. ಇಲ್ಲಿಗೆ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅದೇ ಗುಂಪು 2022ರಲ್ಲಿ ಇನ್ನೊಂದು ಗಂಟು ಬಿಡಿಸಿತು: ಉದ್ದ ಮತ್ತು ಸಂಖ್ಯೆ ಎರಡು ಬೇರೆ ಬೇರೆ ದೋಷಗಳು. ಉದ್ದ ತಗ್ಗಿದ್ದು ಹೆಚ್ಚಾದ ಕ್ಯಾಲ್ಸಿಯಂ ಕೋಶದ ಎಳೆಯುವ ಯಂತ್ರವಾದ ಆಕ್ಟಿನ್-ಮಯೋಸಿನ್ ಮೇಲೆ ಮಾಡಿದ ಪರಿಣಾಮದಿಂದ. ಸಂಖ್ಯೆ ಏರಿದ್ದು ನರಕೋಶಗಳ ನಡುವಿನ ಸಂದೇಶವಾಹಕ ರಾಸಾಯನಿಕವಾದ ಗಾಬಾದ ಸಂಕೇತಕ್ಕೆ ಕೋಶ ಸ್ಪಂದಿಸುವ ರೀತಿಯಿಂದ. ಒಂದೇ ಮಾತ್ರೆ ಎರಡನ್ನೂ ಸರಿಪಡಿಸದು. ಚಾನಲನ್ನೇ ತಡೆದರೆ ಸಾಕೆಂಬ ಆಸೆಗೆ ಪೆಟ್ಟು ಬಿದ್ದದ್ದು ಇಲ್ಲಿ, ಮೂಲಕ್ಕೇ ಹೋಗಬೇಕೆಂಬ ವಾದ ಗಟ್ಟಿಯಾದದ್ದೂ ಇಲ್ಲಿ.

2022: ಹೆಗ್ಗಣದ ತಲೆಯಲ್ಲಿ ಮನುಷ್ಯನ ನರಕೋಶ

ಬಟ್ಟಲಿನಲ್ಲಿ ಎಷ್ಟು ದಿನ ಇಟ್ಟರೂ ನರಕೋಶ ಚಿಕ್ಕದಾಗಿಯೇ ಉಳಿಯುತ್ತದೆ. 250ರಿಂದ 300 ದಿನ ಸಾಕಿದರೆ ಅದರ ಜೀನ್ ಬಳಕೆ ಹುಟ್ಟುವ ಹೊತ್ತಿನ ಮಗುವಿನ ಮಿದುಳಿನತ್ತ ತಿರುಗುತ್ತದೆ, ಕ್ಯಾಲೆಂಡರು ಕೋಶದೊಳಗೇ ಇದ್ದಂತೆ. ಆದರೂ ಗಾತ್ರ, ಕವಲು, ಸಂಪರ್ಕ ಸಾಲದು. ಸಂವೇದನೆ ಇಲ್ಲ, ರಕ್ತವಿಲ್ಲ.

ಓಮರ್ ರೆವಾ, ಪಾಷ್ಕಾ ಮತ್ತು ಸಂಗಡಿಗರು ಹೊರಪದರದ ಗೋಲಿಯನ್ನು ಹುಟ್ಟಿ ಒಂದು ವಾರದೊಳಗಿನ ಹೆಗ್ಗಣಮರಿಯ ಸ್ಪರ್ಶ ಪ್ರದೇಶಕ್ಕೆ ಕಸಿ ಮಾಡಿದರು. ರೋಗನಿರೋಧಕ ಶಕ್ತಿ ಇಲ್ಲದ ತಳಿಯೇ ಬೇಕು, ಇಲ್ಲದಿದ್ದರೆ ಕಸಿ ಉಳಿಯುವುದಿಲ್ಲ. ವಯಸ್ಸೂ ಮುಖ್ಯ: ಮಿದುಳಿನ ತಂತಿಗಳು ಇನ್ನೂ ಹೆಣೆಯುತ್ತಿರುವ ಕಾಲದಲ್ಲಿ ಹಾಕಿದರೆ ಮಾತ್ರ ಹೊಸ ಕೋಶಕ್ಕೆ ನಂಟು ಸಿಗುತ್ತದೆ. ಕಸಿಗೆ ರಕ್ತನಾಳ ಬಂತು. ಅದು ಬೆಳೆದು ಮಿದುಳಿನ ಆ ಹೋಳಿನ ಸುಮಾರು ಮೂರನೇ ಒಂದು ಭಾಗದಷ್ಟಾಯಿತು. ನರಕೋಶಗಳು ಬಟ್ಟಲಿನವಕ್ಕಿಂತ ಆರು ಪಟ್ಟು ಹಿಗ್ಗಿದವು. ಹೆಗ್ಗಣದ ಮೀಸೆ ಅಲುಗಿಸಿದರೆ ಮನುಷ್ಯನ ಕೋಶಗಳು ಸ್ಪಂದಿಸಿದವು.

ಟಿಮೊಥಿ ರೋಗಿಯ ಕೋಶಗಳನ್ನು ಹೀಗೆ ಬೆಳೆಸಿದಾಗ ಕವಲುಗಳ ರಚನೆಯಲ್ಲಿ ದೋಷ ಕಂಡಿತು. ಬಟ್ಟಲಿನ ಅದೇ ಕೋಶಗಳಲ್ಲಿ ಆ ವ್ಯತ್ಯಾಸ ಕಂಡಿರಲಿಲ್ಲ. ಬಟ್ಟಲಿನಲ್ಲಿ ಏನೂ ಕಾಣಲಿಲ್ಲವೆಂದು ‘ದೋಷವಿಲ್ಲ’ ಎಂದು ಬರೆಯುವವರು ಈ ಉದಾಹರಣೆಯನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

2024: ತಪ್ಪಿದ ತುಂಡನ್ನು ಬಿಡಿಸುವುದು

8 ಮತ್ತು 8ಎ ಎರಡೂ ಒಂದೇ ಕೆಲಸ ಮಾಡುವುದಾದರೆ, 8ಎ ಕೆಟ್ಟಿರುವಾಗ ಕೋಶ 8ನ್ನೇ ಬಳಸುವಂತೆ ಮಾಡಿದರೆ ಹೇಗೆ? ಚಾನಲ್ ತಡೆಯಬೇಕಿಲ್ಲ, ಜೀನ್ ತಿದ್ದಬೇಕಿಲ್ಲ. ಕೋಶ ವಯಸ್ಸಾದಂತೆ ತಾನೇ ಮಾಡುವ ಬದಲಾವಣೆಯನ್ನು ಬೇಗ ಮಾಡಿಸುವುದಷ್ಟೆ.

ಇದಕ್ಕೆ ಬಳಸಿದ್ದು ಆಂಟಿಸೆನ್ಸ್ ತುಣುಕು. ಆರ್‌ಎನ್‌ಎ ಮೇಲೆ ನಿರ್ದಿಷ್ಟ ಜಾಗಕ್ಕೆ ಜೋಡಿಯಾಗಿ ಕೂತು, ಕತ್ತರಿಸಿ ಜೋಡಿಸುವ ಯಂತ್ರಕ್ಕೆ ಆ ಎಕ್ಸಾನ್ ಕಾಣದಂತೆ ಮಾಡುವ, ರಾಸಾಯನಿಕವಾಗಿ ಬಲಪಡಿಸಿದ ಚಿಕ್ಕ ಸರಪಳಿ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ 2016ರಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ, 18 ಅಕ್ಷರಗಳ ನುಸಿನರ್ಸೆನ್ ಇದೇ ಜಾತಿಯದು. ಅಲ್ಲಿ ಒಂದು ಎಕ್ಸಾನ್ ಸೇರಿಸಿಕೊಳ್ಳುವಂತೆ ಮಾಡುತ್ತದೆ, ಇಲ್ಲಿ ಬಿಡುವಂತೆ.

ಶಿಯಾವ್ಯು ಚೆನ್, ಬೈರಿ, ಪಾಷ್ಕಾ ಮತ್ತು ಸಂಗಡಿಗರ ವರದಿ 2024ರ ಏಪ್ರಿಲ್‌ನಲ್ಲಿ ಬಂತು. ಅನೇಕ ತುಣುಕುಗಳನ್ನು ಸೋಸಿ ಆರಿಸಿದವನ್ನು ರೋಗಿಯ ಗೋಲಿಗಳಿಗೆ ಹಾಕಿದಾಗ 8ಎ ತಗ್ಗಿ 8 ಏರಿತು, ಚಾನಲ್ ಹೊತ್ತಿಗೆ ಸರಿಯಾಗಿ ಮುಚ್ಚಿತು, ಅಸೆಂಬ್ಲಾಯ್ಡ್‌ನಲ್ಲಿ ವಲಸೆ ಸರಿಹೋಯಿತು. ಇಲ್ಲಿ ಆ ಮೂರನೇ ತೊಡಕು: ತುಣುಕನ್ನು ಹೊಂದಿಸಿರುವುದು ಮನುಷ್ಯನ ಜೀನಿನ ಅಕ್ಷರಗಳಿಗೆ, ಆದ್ದರಿಂದ ಇಲಿಯ ಸ್ವಂತ ಜೀನಿನ ಮೇಲೆ ಪರೀಕ್ಷಿಸಿ ಉಪಯೋಗವಿಲ್ಲ. ಮನುಷ್ಯನ ನರಕೋಶ ಹೊತ್ತ ಹೆಗ್ಗಣ ಆಗಲೇ ಸಿದ್ಧವಿತ್ತು. ಮಿದುಳು-ಬೆನ್ನುಹುರಿಯ ದ್ರವಕ್ಕೆ ಒಂದೇ ಚುಚ್ಚುಮದ್ದು ಕೊಟ್ಟಾಗ ಕಸಿಯಾದ ಕೋಶಗಳ ಕ್ಯಾಲ್ಸಿಯಂ ದೋಷವೂ ಕವಲುಗಳ ಕುಗ್ಗುವಿಕೆಯೂ ಸರಿಯಾದವು.

ಹೋಲಿಕೆ ಯಾರೊಂದಿಗೆ

ಇಂಥ ಪ್ರಯೋಗದಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಲೆಕ್ಕದಲ್ಲಿ. ಒಬ್ಬ ರೋಗಿಯ 500 ಕೋಶ, ಒಬ್ಬ ಆರೋಗ್ಯವಂತರ 500 ಕೋಶ ಅಳೆದು 1,000 ಮಾದರಿ ಎಂದರೆ ಅದು ಸಾವಿರವಲ್ಲ, ಎರಡು. ಇಬ್ಬರು ಮನುಷ್ಯರ ನಡುವೆ ಸಹಜವಾಗಿಯೇ ಲಕ್ಷಗಟ್ಟಲೆ ಅಕ್ಷರ ವ್ಯತ್ಯಾಸವಿದೆ, ಅದರಲ್ಲಿ 1216ನೆಯದೇ ಕಾರಣ ಎನ್ನಲು ಆಧಾರ ಬೇಕು. ಹಲವು ರೋಗಿಗಳು, ಹಲವು ಆರೋಗ್ಯವಂತರು, ಬೇರೆ ಬೇರೆ ದಿನ ಶುರು ಮಾಡಿದ ಸರಣಿಗಳು ಬೇಕು. ಸಾಧ್ಯವಾದರೆ ಜೀನ್ ತಿದ್ದುವ ತಂತ್ರವಾದ ಕ್ರಿಸ್ಪರ್‌ನಿಂದ ಆ ಒಂದಕ್ಷರ ಮಾತ್ರ ತಿದ್ದಿದ ರೋಗಿಯದೇ ಕೋಶ. ರೋಗಿಯ ಗೋಲಿ ಒಂದು ವಾರ, ಹೋಲಿಕೆಯ ಗೋಲಿ ಇನ್ನೊಂದು ವಾರ ಬೆಳೆಸಿದರೆ ಬಿ-27ನ ಸರಕು ಬದಲಾದದ್ದೇ ‘ರೋಗ’ವಾಗಿ ಕಾಣುತ್ತದೆ. ಎರಡನ್ನೂ ಒಂದೇ ದಿನ, ಒಂದೇ ಬಾಟಲಿಯಿಂದ ಸಾಕಬೇಕು.

ಟಿಮೊಥಿ ಪ್ರಕರಣ ದಡ ಸೇರಲು ಇನ್ನೊಂದು ಕಾರಣ ಅದರ ಸ್ವಭಾವವೇ. ತಪ್ಪು ಒಂದೇ, ಪರಿಣಾಮ ಜೋರು, ಅಳೆಯಬಲ್ಲದ್ದು ಮೊದಲೇ ಗೊತ್ತು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಜೊತೆಗೂಡಿ ಶುರು ಮಾಡಿದ, ಕಾಂಡಕೋಶದಿಂದ ಮಿದುಳಿನ ಕಾಯಿಲೆ ಅರಿಯುವ ಎಡಿಬಿಎಸ್ ಕಾರ್ಯಕ್ರಮ ಇದಕ್ಕಿಂತ ಕಷ್ಟದ ಗಂಟನ್ನು ಕೈಗೆತ್ತಿಕೊಂಡಿದೆ. ಅವರ ಮುಂದಿರುವುದು ಸ್ಕಿಜೊಫ್ರೇನಿಯಾ, ಬೈಪೋಲಾರ್‌ನಂತಹ ಕಾಯಿಲೆ. ಕಾರಣ ಒಂದು ಜೀನಲ್ಲ, ನೂರಾರು ಜೀನುಗಳ ಚೂರುಪಾರು ಪಾಲು. ಒಂದೇ ಕುಟುಂಬದಲ್ಲಿ ಹಲವರಿಗೆ ಕಾಯಿಲೆ ಇರುವವರನ್ನು ಆರಿಸಿ, ಅದೇ ಮನೆಯ ಆರೋಗ್ಯವಂತರ ಕೋಶದೊಂದಿಗೆ ಹೋಲಿಸುವ ದಾರಿ ಅವರದು. ಜೀನುಗಳ ಹಿನ್ನೆಲೆ ಹತ್ತಿರವಿದ್ದರೆ ಗದ್ದಲ ಕಡಿಮೆ. ಅಲ್ಲಿಂದ ಟಿಮೊಥಿಯಂತಹ ನೇರ ಕಥೆ ಬೇಗ ಬರಲೆಂದು ಕಾಯುವುದು ನ್ಯಾಯವಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಇಲ್ಲಿ ವಿವರಿಸಿದ್ದು ಯಾವುದೂ ಮಗುವಿಗೆ ಕಾಂಡಕೋಶ ಚುಚ್ಚುವ ಚಿಕಿತ್ಸೆಯಲ್ಲ. ಆಟಿಸಂಗೆ ‘ಸ್ಟೆಮ್ ಸೆಲ್ ಥೆರಪಿ’ ಎಂದು ಹಣ ಕೇಳುವವರು ಇಂಥ ಸಂಶೋಧನೆಯ ಚಿತ್ರಗಳನ್ನೇ ತೋರಿಸುವುದುಂಟು. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಪ್ರಕಾರ, ಸಾಬೀತಾಗದ ಕಾಂಡಕೋಶ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ ಹೊರಗೆ ನಡೆಯುವಂತಿಲ್ಲ. ಟಿಮೊಥಿ ಪ್ರಕರಣದಲ್ಲಿ ಕಾಂಡಕೋಶ ಮಗುವಿನ ದೇಹಕ್ಕೆ ಹೋಗಲಿಲ್ಲ. ಔಷಧ ಹುಡುಕುವ ಸಲಕರಣೆಯಾಗಿ ಬಟ್ಟಲಿನಲ್ಲಿ, ಹೆಗ್ಗಣದಲ್ಲಿ ಉಳಿಯಿತು.

ಉಳಿದಿರುವ ತೊಡಕುಗಳು ಸಣ್ಣವಲ್ಲ. ಮಿದುಳಿನ ದ್ರವಕ್ಕೆ ಕೊಟ್ಟ ತುಣುಕು ಹೃದಯಕ್ಕೆ ಬೇಕಾದಷ್ಟು ತಲುಪುವುದಿಲ್ಲ, ಈ ಮಕ್ಕಳ ಜೀವ ತೆಗೆಯುವುದು ಹೆಚ್ಚಾಗಿ ಹೃದಯವೇ. ಒಂದು ಚುಚ್ಚುಮದ್ದಿನ ಪರಿಣಾಮ ಕಾಯಂ ಅಲ್ಲ, ಮರಳಿ ಮರಳಿ ಕೊಡಬೇಕು. ಗರ್ಭದಲ್ಲೇ ಮುಗಿದುಹೋದ ವಲಸೆಯನ್ನು ಹುಟ್ಟಿದ ಮೇಲೆ ಕೊಟ್ಟ ಔಷಧ ಹಿಂದಿರುಗಿಸಲಾರದು. ಕವಲು, ಸಂಪರ್ಕ, ಕ್ಯಾಲ್ಸಿಯಂನಷ್ಟು ಮಟ್ಟಿಗೆ ಮಾತ್ರ ಆಸೆ. ಇನ್ನು ಇದೇ ತಪ್ಪು ಎಕ್ಸಾನ್ 8ರಲ್ಲಿ ಇರುವ ಎರಡನೇ ಬಗೆಯ ಮಕ್ಕಳಿದ್ದಾರೆ. ಅವರಿಗೆ 8ಎ ಬಿಡಿಸುವ ಈ ತುಣುಕು ಕೊಟ್ಟರೆ ಕೋಶ ಕೆಟ್ಟ 8ರ ಕಡೆಗೇ ಇನ್ನಷ್ಟು ವಾಲುತ್ತದೆ. ಹಾಗಾಗಿ ಹೆಸರು ಒಂದೇ ಆದರೂ, ಔಷಧದ ಮಾತೆತ್ತುವ ಮೊದಲು ತಪ್ಪು ಯಾವ ಎಕ್ಸಾನಿನಲ್ಲಿದೆ ಎಂಬುದರ ಜೀನ್ ವರದಿ ಕೈಯಲ್ಲಿರಬೇಕು.